ಟ್ರೈಲರಿಗೂ ಬ್ರೇಕ್ ಬೇಕು: ನಾಲ್ಕು ಮಳೆಗಾಲ ಬಳಸಿ ನೋಡಿದ ಮೇಲೆ

ನಾಲ್ಕು ಮಳೆಗಾಲ, ನಾಲ್ಕು ಕಾಫಿ ಕೊಯ್ಲು ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪಿಕಪ್ಪಿನ ಹಿಂದೆ ಕಟ್ಟುವ ಟ್ರೈಲರಿಗೆ ಭಾರ ಹಂಚುವ ಕೊಂಡಿ, ಅಂದರೆ ಹಿಚ್, ಜೊತೆಗೆ ಸ್ವಂತ ಬ್ರೇಕ್, ಅದನ್ನು ನಡೆಸುವ ಕಂಟ್ರೋಲರ್ ಜೋಡಿಸಿದ ಮೊದಲ ತಿಂಗಳಲ್ಲೇ ಬರೆದಿದ್ದರೆ ಹಿಚ್ ಬಗ್ಗೆ ಪುಟಗಟ್ಟಲೆ ಹೊಗಳಿ, ಬ್ರೇಕ್ ಕಂಟ್ರೋಲರ್ ಬಗ್ಗೆ ಎರಡು ಸಾಲು ಸೇರಿಸಿ ಮುಗಿಸುತ್ತಿದ್ದೆ. ಈಗ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ.

ನಮ್ಮ ತೋಟ ಇರುವುದು ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ. ಕಣದಲ್ಲಿ ಒಣಗಿದ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಬೀಜ) ಎರಡನ್ನೂ ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿಗೆ ನಾವೇ ಒಯ್ಯುತ್ತೇವೆ. ಡಬಲ್ ಕ್ಯಾಬ್ ಪಿಕಪ್, ಅದರ ಹಿಂದೆ ಟ್ರೈಲರ್. ಖಾಲಿ ಟ್ರೈಲರ್ 480 ಕೆಜಿ ತೂಗುತ್ತದೆ. 50 ಕೆಜಿಯ 20 ಮೂಟೆ ಹೇರಿದರೆ ಒಟ್ಟು 1,480 ಕೆಜಿ. ಆಗ ಅದಕ್ಕೆ ಸ್ವಂತ ಬ್ರೇಕ್ ಎನ್ನುವುದೇ ಇರಲಿಲ್ಲ. ಅಷ್ಟು ಭಾರವನ್ನೂ ಪಿಕಪ್ಪಿನ ಬ್ರೇಕೇ ಹಿಡಿದು ನಿಲ್ಲಿಸಬೇಕಿತ್ತು.

ಹಾಗೇ ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ಸುಳ್ಯದ ಅಕ್ಕನ ಮನೆಗೆ ಸಿಲ್ವರ್ ಓಕ್ ಹಲಗೆ ಹೇರಿಕೊಂಡು ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಜೋಡುಪಾಲ ಹತ್ತಿರವಾದಾಗ ಎದುರಿಗೆ ಬಸ್ಸು ಬಂತು, ಬ್ರೇಕ್ ಒತ್ತಿದೆ. ಪಿಕಪ್ ನಿಧಾನವಾಯಿತು, ಟ್ರೈಲರ್ ಆಗಲಿಲ್ಲ. ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದಂತೆ ಹಿಂದಿನ ಚಕ್ರಗಳು ಅರ್ಧ ಅಡಿ ಪಕ್ಕಕ್ಕೆ ಸರಿದವು. ಏನೂ ಅನಾಹುತ ಆಗಲಿಲ್ಲ. ಆದರೆ ಪಕ್ಕದಲ್ಲಿ ನನ್ನ ಮಗ ಕೂತಿದ್ದ. ಆ ಅರ್ಧ ಅಡಿ ನನಗೆ ಇವತ್ತಿಗೂ ಮರೆತಿಲ್ಲ.

ಆ ವರ್ಷವೇ ಅಮೆರಿಕದಿಂದ ಮನೆಸಾಮಾನೆಲ್ಲ ಕಟ್ಟಿಕೊಂಡು ಊರಿಗೆ ಮರಳಿದ ಭಾವ ತಮ್ಮ ಹಳೇ ಟ್ರೈಲರಿನ ವೆಯ್ಟ್ ಡಿಸ್ಟ್ರಿಬ್ಯೂಷನ್ (ಭಾರ ಹಂಚುವ) ಹಿಚ್, ಎಲೆಕ್ಟ್ರಿಕ್ ಬ್ರೇಕ್, ಕಂಟ್ರೋಲರ್ ಮೂರನ್ನೂ ತಂದುಕೊಟ್ಟರು. ನಮ್ಮ ಟ್ರೈಲರಿಗೆ ಹೊಂದುವಂತೆ ಆಕ್ಸಲ್, ಡ್ರಮ್ ಎಲ್ಲ ಲೇತಿನಲ್ಲಿ ಮಾಡಿಸಿಕೊಂಡು ಕೂರಿಸುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಇರಬೇಕು. ಅದಿಲ್ಲದವರು ಮೊದಲು ಅದನ್ನು ಮುಗಿಸಿಕೊಳ್ಳಿ.

ಮೊದಲು ಹಿಚ್ ವಿಷಯ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹೋಗುತ್ತದೆ, ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಟ್ರೈಲರಿನ ಮೂಕಿಯೂ, ಅಂದರೆ ಪಿಕಪ್ಪಿಗೆ ಕಟ್ಟುವ ಮುಂದಿನ ತುದಿಯೂ, ಹಾಗೆಯೇ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮೂಕಿಯ ಮೇಲೆ ಕೂರಬೇಕು. ನಮ್ಮದಕ್ಕೆ ಲೆಕ್ಕ ಹಾಕಿದರೆ ಸುಮಾರು 148ರಿಂದ 222 ಕೆಜಿ. ಅಳೆಯುವುದು ಕಷ್ಟವಲ್ಲ. ಕಾಫಿ ತೂಗುವ ತಕ್ಕಡಿಯನ್ನೇ ಕಣದಿಂದ ತಂದು, ಮಟ್ಟವಾದ ಜಾಗದಲ್ಲಿಟ್ಟು, ಕಪ್ಲರನ್ನು, ಅಂದರೆ ಮೂಕಿಯ ತುದಿಯ ಹಿಡಿಕೆಯನ್ನು, ಅದರ ಮೇಲಿಟ್ಟ ಒಂದು ಮರದ ತುಂಡಿನ ಮೇಲೆ ಕೂರಿಸಿದೆವು. ಮೊದಲ ಸಲ ಬಂದದ್ದು 95. ಹುಡುಗರು ಇಳಿಸಲು ಸುಲಭ ಅಂತ ಮೂಟೆಗಳನ್ನೆಲ್ಲ ಹಿಂಬಾಗಿಲ ಕಡೆಗೇ ಹೇರಿದ್ದರು. ಮೂರು ಮೂಟೆ ಮುಂದಕ್ಕೆ ಎತ್ತಿಟ್ಟ ಕೂಡಲೇ 180ಕ್ಕೆ ಬಂತು. ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸಿದಂತೆ ತೂಗಾಡುತ್ತಿದ್ದ ಟ್ರೈಲರ್ ಈ ಮೂರು ಮೂಟೆಯಿಂದಲೇ ಮುಕ್ಕಾಲು ಪಾಲು ಸುಮ್ಮನಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆದರೆ 180 ಕೆಜಿ ಪಿಕಪ್ಪಿನ ತುದಿಯಲ್ಲಿ ಕೂತಾಗ ಮುಂಭಾಗ ಮೇಲೇಳುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನೆಲದಿಂದ ಮುಂದಿನ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದೆ. ಟ್ರೈಲರ್ ಕಟ್ಟದಾಗ 84 ಸೆಂ.ಮೀ., ಕಟ್ಟಿದಾಗ 87, ಹಿಚ್ಚಿನ ಎರಡು ಸ್ಪ್ರಿಂಗ್ ಬಾರ್‌ಗಳನ್ನು ಚೈನಿನಿಂದ ಎಳೆದು ಬಿಗಿದ ಮೇಲೆ 85. ಆ ಬಾರ್‌ಗಳು ಸನ್ನೆಕೋಲಿನಂತೆ ಮೀಟಿ, ಹಿಂದೆ ಕೂತ ಭಾರದ ಒಂದು ಪಾಲನ್ನು ಪಿಕಪ್ಪಿನ ಮುಂದಿನ ಚಕ್ರಗಳಿಗೆ, ಇನ್ನೊಂದು ಪಾಲನ್ನು ಟ್ರೈಲರಿನ ಚಕ್ರಗಳಿಗೆ ಹಂಚುತ್ತವೆ. ಇದರಿಂದ ಗಾಡಿಯ ಎಳೆಯುವ ಮಿತಿ ಒಂದು ಕೆಜಿಯೂ ಹೆಚ್ಚುವುದಿಲ್ಲ. ಹೆಚ್ಚುತ್ತದೆ ಅಂದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡಾಂಬರು ರಸ್ತೆಯಲ್ಲಿ ಹಿಚ್ ಚೆನ್ನಾಗಿದೆ. ತೋಟದೊಳಗೆ ಅದೇ ತೊಂದರೆ. ನಮ್ಮ ಗೇಟಿನ ಹತ್ತಿರ ಮೋರಿ ದಾಟಿ ಒಮ್ಮೆಲೇ ಏರು ಹತ್ತಬೇಕು. ಪಿಕಪ್ ಮೇಲಕ್ಕೆ ಮೂತಿ ಎತ್ತಿ ಟ್ರೈಲರ್ ಇನ್ನೂ ತಗ್ಗಿನಲ್ಲಿ ಇರುವಾಗ ಬಾರ್‌ಗಳ ಮೇಲೆ ಬೀಳುವ ಬಲ ಸಣ್ಣದಲ್ಲ. ಎರಡನೇ ವರ್ಷ, ಕತ್ತಲಾಯಿತೆಂದು ಬಾರ್ ಬಿಚ್ಚದೆ ಒಳಗೆ ತಂದೆ. ಟಕ್ ಅಂತ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಚೈನ್ ಹಿಡಿಯುವ ಬ್ರ್ಯಾಕೆಟ್ ಸೊಟ್ಟಗಾಗಿತ್ತು. ಅಂದಿನಿಂದ ರಸ್ತೆ ಬದಿಯಲ್ಲೇ ನಿಲ್ಲಿಸಿ, ಬಾರ್ ಬಿಚ್ಚಿ, ಆಮೇಲೆ ಒಳಗೆ. ಜೋರು ಮಳೆಯಲ್ಲಿ ಗ್ರೀಸ್ ಮೆತ್ತಿದ ಬಾರ್ ಹಿಡಿದು ನಿಲ್ಲುವುದು ಬೇಸರದ ಕೆಲಸವೇ.

ಇನ್ನು ಬ್ರೇಕ್. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ.

ಪ್ರತಿ ಡ್ರಮ್ಮಿನೊಳಗೆ ಒಂದೊಂದು ಮ್ಯಾಗ್ನೆಟ್ ಇದೆ. ಕರೆಂಟ್ ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಒಂದು ತೋಳನ್ನು ಎಳೆಯುತ್ತದೆ, ತೋಳು ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಕಂಟ್ರೋಲರ್ ಕೂತಿರುವುದು ಡ್ಯಾಶ್‌ಬೋರ್ಡಿನ ಕೆಳಗೆ. ನಮ್ಮದು ಪಿಕಪ್ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಎಂಬುದನ್ನು ತಾನೇ ಗ್ರಹಿಸಿ, ಅದಕ್ಕೆ ತಕ್ಕಷ್ಟು ಕರೆಂಟ್ ಕಳಿಸುವ ಬಗೆಯದು. ಬ್ರೇಕ್ ಮುಟ್ಟಿದಾಗೆಲ್ಲ ಒಂದೇ ರೀತಿ ಕರೆಂಟ್ ಏರಿಸುವ ಅಗ್ಗದ ಬಗೆಯೂ ಇದೆ. ಘಾಟಿ ಇಳಿಯುವವರು ಅದನ್ನು ಕೊಳ್ಳಬೇಡಿ.

ಗೇನ್, ಅಂದರೆ ಟ್ರೈಲರಿನ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಅಂಕಿ, ಹೊಂದಿಸುವುದನ್ನು ಕಲಿಯಲು ನನಗೆ ಒಂದು ಕೊಯ್ಲು ಪೂರ್ತಿ ಬೇಕಾಯಿತು. 20 ಮೂಟೆ ಇದ್ದಾಗ 6.5, ಖಾಲಿ ಇದ್ದಾಗ 2.5. ಮೂಟೆ ಇಳಿಸಿದ ಮೇಲೆ ಗೇನ್ ಇಳಿಸಲು ಮರೆತರೆ ಒದ್ದೆ ರಸ್ತೆಯಲ್ಲಿ ಖಾಲಿ ಟ್ರೈಲರಿನ ಚಕ್ರ ಕಚ್ಚಿಕೊಂಡು ಜಾರುತ್ತದೆ. ಮರೆಯಬಾರದೆಂದು ಸ್ಟೇರಿಂಗ್ ಪಕ್ಕದಲ್ಲಿ ಎರಡು ಅಂಕಿಗಳನ್ನೂ ಬರೆದು ಅಂಟಿಸಿದ್ದೇನೆ. ಕಂಟ್ರೋಲರಿನಲ್ಲಿ ಕೈಯಿಂದ ಒತ್ತುವ ಒಂದು ಸಣ್ಣ ಲಿವರ್ ಇದೆ, ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಯಲು. ಟ್ರೈಲರ್ ತೂಗಾಡಲು ಶುರು ಮಾಡಿದರೆ ಕಾಲಿನ ಬ್ರೇಕ್ ತುಳಿಯದೆ ಇದನ್ನು ಮೆಲ್ಲಗೆ ಒತ್ತಿ, ಹಿಂದಿನಿಂದ ಎಳೆದು ಹಿಡಿದಂತೆ ನೆಟ್ಟಗಾಗುತ್ತದೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ, ರೊಬಸ್ಟಾ ಹೇರಿಕೊಂಡು ಬೆಳಿಗ್ಗೆ ಆರಕ್ಕೆ ಆನೆಕಾಡು ದಾಟುತ್ತಿದ್ದೆವು. ಮಂಜು ಇನ್ನೂ ಕರಗಿರಲಿಲ್ಲ. ತಿರುವು ಕಳೆದದ್ದೇ ರಸ್ತೆಯ ನಡುವೆ ಒಂದು ಒಂಟಿ ಆನೆ. ಪೂರ್ತಿ ಬ್ರೇಕ್ ತುಳಿದೆ. 1,480 ಕೆಜಿ ನನ್ನ ಹಿಂದೆ ನೇರ ಗೆರೆಯಲ್ಲಿ ನಿಂತಿತು. ತಳ್ಳಲಿಲ್ಲ, ಓರೆಯಾಗಲಿಲ್ಲ. ಆನೆ ಕಿವಿ ಬೀಸಿ ನಮ್ಮನ್ನು ನೋಡಿ, ಕಾಡಿಗೆ ಇಳಿದು ಹೋಯಿತು. ಪಕ್ಕದಲ್ಲಿ ಕೂತಿದ್ದ ನಮ್ಮ ಡ್ರೈವರ್ "ಅಣ್ಣಾ, ಬ್ರೇಕಿಲ್ಲದ ಹಳೇ ಟ್ರೈಲರಾಗಿದ್ರೆ?" ಅಂದ. ನಾನು ಏನೂ ಹೇಳಲಿಲ್ಲ.

ತೊಂದರೆಯೇ ಇಲ್ಲ ಅಂತಲ್ಲ. ಕೊಡಗಿನ ಮಳೆಗೆ ತಂತಿ ಜೋಡಣೆಗಳು ಬೇಗ ಹಾಳಾಗುತ್ತವೆ. ಮೂರನೇ ಮಳೆಗಾಲ ಮುಗಿದಾಗ ಬ್ರೇಕ್ ಒಂದು ಕಡೆಗೆ ಎಳೆಯತೊಡಗಿತು. ನಾನು ಕಂಟ್ರೋಲರ್ ಕೆಟ್ಟಿತೆಂದೇ ತಿಳಿದೆ. ನಮ್ಮ ಮೆಕ್ಯಾನಿಕ್ ಅದನ್ನು ಮುಟ್ಟಲೇ ಇಲ್ಲ. ನಾಲ್ಕು ಕಿಲೋಮೀಟರ್ ಓಡಿಸಿ ಬರಲು ಹೇಳಿದ, ಬಂದಾಗ ಎರಡೂ ಚಕ್ರದ ಹಬ್ಬಿನ ಹತ್ತಿರ ಅಂಗೈ ಹಿಡಿದ. ಎಡಗಡೆಯದು ಬಿಸಿ, ಬಲಗಡೆಯದು ತಣ್ಣಗೆ. "ಮೊದಲು ಅರ್ಥ್ ನೋಡೋದು ಅಣ್ಣಾ, ಆಮೇಲೆ ಬೇರೆ ಎಲ್ಲ" ಅಂದ. ಬಲ ಚಕ್ರದ ಅರ್ಥ್ ವೈರಿನ ತುದಿ ಹಸಿರು ಪುಡಿಯಾಗಿತ್ತು. ಈಗ ಎರಡು ಚಕ್ರಕ್ಕೂ ಬೇರೆ ಬೇರೆ ಅರ್ಥ್ ವೈರು ಎಳೆದು, ಬೆಸುಗೆ ಹಾಕಿಸಿ, ಪ್ಲಗ್ಗಿನವರೆಗೂ ತಂದಿದ್ದೇವೆ. ಅಂಗೈ ಪರೀಕ್ಷೆಯನ್ನು ನಾನು ಈಗಲೂ ಪ್ರತಿ ಸಲ ಕುಶಾಲನಗರ ತಲುಪಿದಾಗ ಮಾಡುತ್ತೇನೆ. ಟ್ರೈಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್ಚಿನ ಪುಟ್ಟ ಬ್ಯಾಟರಿಯೂ ಒಮ್ಮೆ ಸದ್ದಿಲ್ಲದೆ ಸತ್ತಿತ್ತು. ತಿಂಗಳಿಗೊಮ್ಮೆ ಪಿನ್ ಎಳೆದು ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ.

ಬ್ರೇಕ್ ಇದೆಯೆಂದು ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲಿ ಇಳಿಯಬೇಡಿ. ಉದ್ದಕ್ಕೂ ಹಿಡಿದೇ ಇದ್ದರೆ ಈ ಡ್ರಮ್ಮುಗಳೂ ಕಾದು, ಶೂಗಳ ಮೇಲಿನ ಲೈನರ್ ಸುಟ್ಟ ವಾಸನೆ ಬಂದು, ಹಿಡಿತ ಹೋಗುತ್ತದೆ. ಎರಡನೇ ಗೇರ್, ಆಗಾಗ ಹಿಡಿದು ಬಿಡುವುದು.

ಕೈಯಲ್ಲಿ ಇರುವ ದುಡ್ಡು ಒಂದಕ್ಕೇ ಸಾಕಾಗುವಷ್ಟಿದ್ದರೆ ಬ್ರೇಕ್, ಕಂಟ್ರೋಲರ್ ಮೊದಲು ಹಾಕಿಸಿ. ಮೂಟೆಗಳನ್ನು ಸರಿಯಾಗಿ ಹೇರಿ, ತಕ್ಕಡಿಯಲ್ಲಿ ಮೂಕಿ ತೂಗಿ, ಈ ಭಾರ ಹಂಚುವ ಹಿಚ್ಚಿಗೆ ಒಂದು ವರ್ಷ ಕಾಯಬಹುದು.

ಈ ವಾರ ಟ್ರೈಲರನ್ನು ಜಾಕಿನ ಮೇಲೆ ನಿಲ್ಲಿಸಿ ಡ್ರಮ್ ಬಿಚ್ಚಿಸಿದ್ದೇನೆ. ಲೈನರ್ ಇನ್ನೂ ಅರ್ಧ ಇದೆ. ಎಡಗಡೆಯ ಮ್ಯಾಗ್ನೆಟ್ ಮಾತ್ರ ಒಂದು ಮಗ್ಗುಲಿಗೆ ಓರೆಯಾಗಿ ಸವೆದಿದೆ. ಹೊಸ ಮ್ಯಾಗ್ನೆಟ್ ಜೋಡಿ ತರಿಸಲು ಹೇಳಿದ್ದಾಗಿದೆ. ಅರೇಬಿಕಾ ಕೊಯ್ಲಿಗೆ ಮೊದಲು ಬಂದರೆ ಸಾಕು.