ಪೆನಿಟ್ರೇಟಿಂಗ್ ಆಯಿಲ್ ಸ್ಪ್ರೇ: ತುಕ್ಕಿಗೆ ಐದಕ್ಕೆ ಐದು, ಬಿಸಿಗೆ ಸೊನ್ನೆ

ಹುಲ್ಲು ಕತ್ತರಿಸುವ ಮಷೀನು, ಔಷಧಿ ಹೊಡೆಯುವ ಪಂಪು, ಚಿಕ್ಕ ಜನರೇಟರು ರಿಪೇರಿ ಮಾಡುವುದು ನನ್ನ ಕೆಲಸ. ಮೂಲೆಯಲ್ಲಿ ಬಿದ್ದು ತುಕ್ಕು ಹಿಡಿದು, ಪಿಸ್ಟನ್ ಸಿಲಿಂಡರಿನೊಳಗೇ ಅಂಟಿಕೊಂಡ ಎಂಜಿನ್ ಬಂದರೆ ಮೊದಲು ಕೈಗೆತ್ತಿಕೊಳ್ಳುವುದು ಈ ಸ್ಪ್ರೇಯನ್ನೇ. ಉದ್ದ ನಳಿಕೆ ಇರುವ ಡಬ್ಬಿಯನ್ನೇ ತಗೊಳ್ಳಿ.

ಇದು ಎಂಜಿನ್ ಆಯಿಲ್‌ಗಿಂತ ತುಂಬಾ ತೆಳು. ಪಿಸ್ಟನ್ ಸುತ್ತ ಇರುವ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ತಾನಾಗಿಯೇ ಇಳಿಯುತ್ತದೆ. ಆದರೆ ಹೊತ್ತು ಬೇಕು. ಡಬ್ಬಿ ಮೇಲಿನ ನಿಮಿಷದ ಲೆಕ್ಕ ಬೋಲ್ಟಿಗೆ ಸರಿ, ಪಿಸ್ಟನ್‌ಗೆ ಸಾಲದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಧಾರಾಳವಾಗಿ ಹೊಡೆದು ರಾತ್ರಿಯಿಡೀ ಬಿಡಿ. ಟೂ ಸ್ಟ್ರೋಕ್ ಆದರೆ ಹೊಗೆ ಹೊರಹೋಗುವ ಎಕ್ಸಾಸ್ಟ್ ತೂತು ಮೇಲೆ ಬರುವ ಹಾಗೆ ಎಂಜಿನ್ ಓರೆಯಾಗಿ ಇಡಿ, ಇಲ್ಲದಿದ್ದರೆ ಎಣ್ಣೆಯೆಲ್ಲ ಸೋರಿ ಹೋಗುತ್ತದೆ.

ಬೆಳಿಗ್ಗೆ ಸ್ಟಾರ್ಟರ್ ಹಗ್ಗ ಎಳೆಯಬೇಡಿ, ಕಿತ್ತು ಬರುತ್ತದೆ. ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ನಟ್‌ಗೆ ಸ್ಪ್ಯಾನರ್ ಹಾಕಿದರೆ ಒಂದು ಕಡೆಗೆ ಬಿಗಿಯಾಗುತ್ತದೆ, ಇನ್ನೊಂದು ಕಡೆಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ನಾನು ಫ್ಲೈವೀಲನ್ನೇ ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಅಲುಗಿಸುತ್ತೇನೆ. ಚೂರು ಅಲ್ಲಾಡಿದರೆ ಸಾಕು, ಪ್ಲಗ್ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ: ಎಣ್ಣೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ತುಕ್ಕು ಬಿಡುತ್ತಿದೆ ಅಂತ ಅರ್ಥ. ಮತ್ತೆ ಎಣ್ಣೆ ಹೊಡೆಯಿರಿ, ಮತ್ತೆ ಕಾಯಿರಿ. ಈ ತಾಳ್ಮೆ ಇದ್ದವರಿಗೆ ಡಬ್ಬಿಯ ದುಡ್ಡು ಖಂಡಿತ ವಸೂಲಾಗುತ್ತದೆ.

ಬಿಸಿಯಾಗಿ ಹಿಡಿದುಕೊಂಡ ಎಂಜಿನ್ ಬೇರೆ ವಿಷಯ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬಿಚ್ಚಿ ಇಣುಕಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಾಣುತ್ತದೆ. ಪಿಸ್ಟನ್‌ನ ಅಲ್ಯುಮಿನಿಯಂ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿರುತ್ತದೆ. ಅದನ್ನು ಯಾವ ಎಣ್ಣೆಯೂ ಬಿಡಿಸುವುದಿಲ್ಲ. ಸುಮ್ನೆ ಡಬ್ಬಿ ಖಾಲಿ ಮಾಡಬೇಡಿ, ಸಿಲಿಂಡರ್ ಬಿಚ್ಚಿ.

ಡಬ್ಲ್ಯುಡಿ-40 ಸ್ಪ್ರೇ ಇದೆಯಲ್ಲ, ಸಾಕಲ್ವಾ ಅಂತ ಕೇಳುತ್ತಾರೆ. 1953ರಲ್ಲಿ ಅದನ್ನು ಮಾಡಿದ್ದು ತೇವ ಓಡಿಸಿ ತುಕ್ಕು ತಡೆಯುವುದಕ್ಕೆ. ಸಣ್ಣಪುಟ್ಟ ಸ್ಕ್ರೂಗೆ ಆಗುತ್ತದೆ. ಗಟ್ಟಿಯಾಗಿ ಹಿಡಿದದ್ದಕ್ಕೆ ಅದೇ ಕಂಪನಿ ಬೇರೆ ಪೆನಿಟ್ರೆಂಟ್ ಮಾರುತ್ತದೆ.

ಕಾರ್ಬೊರೇಟರ್‌ನ ರಬ್ಬರ್ ಡಯಾಫ್ರಾಮ್‌ಗೆ (ತೆಳು ಪೊರೆ) ಪೆನಿಟ್ರೇಟಿಂಗ್ ಆಯಿಲ್ ತಾಗಿಸಬೇಡಿ. ಬೆಂಕಿಯ ಹತ್ತಿರವೂ ಬೇಡ.

ಪಿಸ್ಟನ್ ಬಿಟ್ಟುಕೊಂಡ ಮೇಲೆ ಪ್ಲಗ್ ಹಾಕುವ ಆತುರ ಬೇಡ. ಒಳಗೆ ಎಣ್ಣೆ ನಿಂತಿದ್ದರೆ ಅದು ಅಮುಕಿದರೂ ಕುಗ್ಗುವುದಿಲ್ಲ, ಪಿಸ್ಟನ್‌ಗೆ ಸೇರಿದ ಕನೆಕ್ಟಿಂಗ್ ರಾಡ್ ಬಗ್ಗಿಬಿಡಬಹುದು. ತೂತಿನ ಮೇಲೆ ಬಟ್ಟೆ ಹಿಡಿದು, ಹಗ್ಗ ಮೆಲ್ಲಗೆ ಎಳೆದು ಎಲ್ಲ ಹೊರಗೆ ಹಾಕಿ. ಆಮೇಲೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಡಿ, ಯಾಕೆಂದರೆ ಈ ತೆಳು ಎಣ್ಣೆ ಪಿಸ್ಟನ್ ಸವೆಯದಂತೆ ಕಾಯುವುದಿಲ್ಲ. ಸ್ಟಾರ್ಟ್ ಆದಾಗ ಬಿಳಿ ಹೊಗೆ ಜಾಸ್ತಿ ಬರುತ್ತದೆ, ಬಯಲಲ್ಲೇ ಓಡಿಸಿ.