ಬಂದ್ ಆದ ಮಾಡೆಲ್ ಟ್ಯಾಬ್: ಮೂರೂವರೆ ವರ್ಷ ಬಳಸಿದ ಮೇಲೆ

2021ರ ದೀಪಾವಳಿ ಹೊತ್ತಿಗೆ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅಂಗಡಿಯೊಂದರಲ್ಲಿ ಈ ಟ್ಯಾಬ್ ತಗೊಂಡೆ. ಅದಕ್ಕೂ ಎರಡು ವರ್ಷ ಹಿಂದೆ ಮಾರುಕಟ್ಟೆಗೆ ಬಂದಾಗ ಇದರ ಬೆಲೆ 15 ಸಾವಿರದ ಮೇಲಿತ್ತು. ನನಗೆ 8,200 ರೂಪಾಯಿಗೆ ಸಿಕ್ಕಿತು. "ಸರ, ಈ ಮಾಡೆಲ್ ಬಂದ್ ಆಗೇದ್ರೀ. ಮುಂದ ಸ್ಟಾಕ್ ಬರಂಗಿಲ್ಲ, ಇದ ಕೊನೇ ಪೀಸು" ಅಂದರು ಅಂಗಡಿಯವರು. ಸೀಲ್ ಒಡೆದಿರಲಿಲ್ಲ. ಬಿಲ್ಲು ಕೊಟ್ಟರು, ಬಿಲ್ಲಿನ ದಿನದಿಂದ ಒಂದು ವರ್ಷ ವಾರಂಟಿ ಅಂತ ಬರೆದೂ ಕೊಟ್ಟರು.

ಕಂಪನಿ ಹೆಸರು ಇಲ್ಲಿ ಬರೆಯುತ್ತಿಲ್ಲ. ಆ ಮಾಡೆಲ್ ಈಗ ಎಲ್ಲೂ ಸಿಗುವುದಿಲ್ಲ. ಆದರೆ ಇದೇ ಅಳತೆಯ ಟ್ಯಾಬ್‌ಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ನೆ ಬಿದ್ದಿವೆ: 10.1 ಇಂಚಿನ ಪರದೆ, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, ಮೆಮೊರಿ ಕಾರ್ಡ್ ಹಾಕುವ ಜಾಗ, ಕೊನೆಯ ಅಪ್‌ಡೇಟ್ ಆಂಡ್ರಾಯ್ಡ್ 11. ಅಂಥದ್ದು ಇರುವವರಿಗೆ ಈ ಬರಹ.

ಬಂದ್ ಆದ ಟ್ಯಾಬ್ ಅಗ್ಗಕ್ಕೆ ಬಿಕರಿ ಆಗುವುದು ಹಳೇ ಸಂಗತಿ. ಎಚ್‌ಪಿ ಟಚ್‌ಪ್ಯಾಡ್ 2011ರ ಜುಲೈಯಲ್ಲಿ ಅಮೆರಿಕದಲ್ಲಿ 499 ಡಾಲರ್‌ಗೆ ಬಂತು. ಏಳು ವಾರಕ್ಕೇ ಕಂಪನಿ ಅದನ್ನು ನಿಲ್ಲಿಸಿತು. ಉಳಿದ 16 ಜಿಬಿಯವು 99 ಡಾಲರ್‌ಗೆ ಹೋದವು. ಕೊಂಡವರು ಅದರಲ್ಲಿದ್ದ ಎಚ್‌ಪಿಯ ಸ್ವಂತ ಸಾಫ್ಟ್‌ವೇರ್ ವೆಬ್‌ಓಎಸ್ ಪಕ್ಕದಲ್ಲಿ ಆಂಡ್ರಾಯ್ಡ್ ಕೂರಿಸಿಕೊಂಡು ವರ್ಷಗಟ್ಟಲೆ ಬಳಸಿದರು. ನಾನು ಅಷ್ಟು ದೂರ ಹೋಗಬೇಕಾಗಲಿಲ್ಲ. ಹಳೇ ಮಾಡೆಲ್‌ಗಳಿಗೂ ಹಾಕಿಕೊಳ್ಳಬಹುದಾದ ಪುಕ್ಕಟೆ ಆಂಡ್ರಾಯ್ಡ್ ಆದ ಲೀನಿಯೇಜ್ ಓಎಸ್ ಹಾಕಬಹುದಾ ಅಂತ ನೋಡಿದೆ, ಅವರ ಪಟ್ಟಿಯಲ್ಲಿ ನನ್ನ ಮಾಡೆಲ್ ಇರಲಿಲ್ಲ. ಅಲ್ಲಿಗೆ ಬಿಟ್ಟೆ. ಪಟ್ಟಿಯಲ್ಲಿ ಇಲ್ಲದ ಮಾಡೆಲ್‌ಗೆ ಯಾರೋ ಕೊಟ್ಟ ಫೈಲ್ ಹಾಕಲು ಹೋಗಬೇಡಿ. ಟ್ಯಾಬ್ ಮತ್ತೆ ಆನ್ ಆಗದೇ ಹೋಗಬಹುದು.

ನಮ್ಮ ಮನೆಯಲ್ಲಿ ಇದಕ್ಕೆ ಇಬ್ಬರು ಯಜಮಾನರು. ಬೆಳಗ್ಗೆ ಅಪ್ಪ ಇ-ಪೇಪರ್ ಓದುತ್ತಾರೆ. ಅವರಿಗೆ ಕಣ್ಣು ಮಂಜು, ಪೇಪರಿನ ಅಕ್ಷರ ಸಣ್ಣದಾಗುತ್ತದೆ. ಸಂಜೆ ಮಗಳು ಪಠ್ಯಪುಸ್ತಕ ನೋಡುತ್ತಾಳೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೇ ತರಗತಿವರೆಗಿನ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಟ್ಯಾಬ್ ತಂದಾಗ ಅವಳು ಏಳನೇ ತರಗತಿ. ಈಗ ಎಸ್ಎಸ್ಎಲ್‌ಸಿ ಮುಗಿಸಿದ್ದಾಳೆ.

ಮೊದಲ ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ನಿಧಾನ ಆಗುತ್ತಾ ಬಂತು. ಒಂದು ದಿನ ಅಪ್ಪನ ಪಕ್ಕ ಕೂತು ನೋಡಿದೆ. ಮುಂದಿನ ಪುಟಕ್ಕೆ ಬೆರಳು ಒತ್ತಿದರು. ಏನೂ ಆಗಲಿಲ್ಲ. ಬೆರಳು ಅಲ್ಲೇ ಇಟ್ಟು ಕಾದರು. ಮತ್ತೆ ಒತ್ತಿದರು. ಆಗ ಎರಡು ಪುಟ ಒಟ್ಟಿಗೇ ಹಾರಿದವು. ಹಿಂದಕ್ಕೆ ಬರಲು ಒತ್ತಿದರು, ಅದೂ ಹಾಗೇ. "ಒಂದ್ ಸಲ ಒತ್ತಿದ್ರ ಕೇಳಂಗಿಲ್ಲ, ಎರಡ್ ಸಲ ಒತ್ತಿದ್ರ ಎರಡ್ ಹಾಳಿ ತಿರುವ್ತದ ನೋಡಪಾ" ಅಂತ ಟ್ಯಾಬ್ ಪಕ್ಕಕ್ಕಿಟ್ಟು ಹೊರಗೆ ಕಟ್ಟೆಗೆ ಹೋದರು. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು. ಅವರಿಗಂತಲೇ ತಂದಿದ್ದು, ಅವರೇ ಕೈಬಿಟ್ಟರೆ ಏನು ಉಪಯೋಗ?

ರಿಪೇರಿಗೆ ಕೂರುವ ಮೊದಲು ಒಂದು ವಾರ ಬರೀ ಅಳತೆ ಮಾಡಿದೆ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಏಳನೇ ತರಗತಿಯ ಗಣಿತ ಪುಸ್ತಕ ತೆರೆಯಲು 19 ಸೆಕೆಂಡ್. ಬ್ರೌಸರ್‌ನಲ್ಲಿ ಇ-ಪೇಪರ್ ಬರಲು 31 ಸೆಕೆಂಡ್. ಆಫ್ ಮಾಡಿ ಆನ್ ಮಾಡಿದರೆ ಕೈಗೆ ಬರಲು ಎರಡು ನಿಮಿಷದ ಮೇಲೆ. ಈ ಲೆಕ್ಕ ಬರೆದಿಟ್ಟಿದ್ದು ಬಹಳ ಒಳ್ಳೆಯದಾಯಿತು. ಯಾವುದರಿಂದ ಉಪಯೋಗ ಆಯಿತು, ಯಾವುದರಿಂದ ಇಲ್ಲ ಅನ್ನುವುದು ಆಮೇಲೆ ಅಂದಾಜಿನ ಮಾತಾಗಲಿಲ್ಲ.

ಮೊದಲ ತಪ್ಪು ಹೇಳಿಬಿಡುತ್ತೇನೆ. ರ‍್ಯಾಮ್ ಕ್ಲೀನರ್ ಅನ್ನುವ ಆ್ಯಪ್ ಹಾಕಿದೆ. ಒತ್ತಿದಾಗಲೆಲ್ಲ ಇಷ್ಟು ಎಂಬಿ ಖಾಲಿ ಆಯಿತು ಅಂತ ತೋರಿಸುತ್ತಿತ್ತು. ಎರಡು ವಾರ ಬಳಸಿ ಅಳೆದರೆ ಪುಸ್ತಕ ತೆರೆಯಲು 22 ಸೆಕೆಂಡ್! ಕಾರಣ ಸರಳ. ಮತ್ತೆ ಬೇಕಾಗಬಹುದು ಅಂತ ಆಂಡ್ರಾಯ್ಡ್ ಕೆಲವು ಆ್ಯಪ್‌ಗಳನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡಿರುತ್ತದೆ. ಅದನ್ನೆಲ್ಲ ಹೊಡೆದು ಹಾಕಿದರೆ ಪ್ರತಿ ಸಲ ಸ್ಟೋರೇಜ್‌ನಿಂದ ಹೊಸದಾಗಿ ಎತ್ತಿ ತರಬೇಕು. ಜೊತೆಗೆ ಆ ಕ್ಲೀನರ್ ತಾನೂ ಒಳಗೆ ಕೂತು ಓಡುತ್ತಿರುತ್ತದೆ. ಯಾರೇ ಹೇಳಿದರೂ ಇಂಥದ್ದು ಹಾಕಬೇಡಿ.

ನಿಜವಾದ ತೊಂದರೆ ಸ್ಟೋರೇಜ್‌ನಲ್ಲಿತ್ತು. 32 ಜಿಬಿಯಲ್ಲಿ ಖಾಲಿ ಉಳಿದಿದ್ದು ಒಂದೂವರೆ ಜಿಬಿ. ಈ ಬೆಲೆಯ ಟ್ಯಾಬ್‌ಗಳಲ್ಲಿ ಇರುವುದು ಇಎಂಎಂಸಿ ಅನ್ನುವ ಫ್ಲ್ಯಾಶ್ ಮೆಮೊರಿ. ಅದರಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಆಗುವುದಿಲ್ಲ. ಒಂದು ದೊಡ್ಡ ಬ್ಲಾಕ್ ಪೂರ್ತಿ ಅಳಿಸಿಯೇ ಬರೆಯಬೇಕು. ಅಳಿಸುವ ಮೊದಲು ಅದರಲ್ಲಿ ಬೇಕಾದದ್ದನ್ನು ಬೇರೆ ಕಡೆ ಎತ್ತಿಡಬೇಕು. ನಾನು ಗಂಜ್‌ನಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ಹತ್ತಿ ಸೀಸನ್‌ನಲ್ಲಿ ದಿನಾ ಇದೇ ನೋಡುತ್ತೇನೆ. ಅಂಗಳ ಖಾಲಿ ಇದ್ದರೆ ಗಾಡಿ ಬಂದ ಕೂಡಲೇ ಇಳಿಸಬಹುದು. ತುಂಬಿದ್ದರೆ ಒಂದು ಗಾಡಿ ಇಳಿಸಲು ಮೊದಲು ಇನ್ನೆರಡು ಗಾಡಿ ಸರಿಸಬೇಕು. ಹಮಾಲರು ಅವರೇ, ಅಂಗಳವೂ ಅದೇ, ಆದರೂ ಕೆಲಸ ಅರ್ಧ ದಿನ ಎಳೆಯುತ್ತದೆ.

ಹಾಗಾಗಿ ಬೇಕಾದ ಫೋಟೊ, ಫೈಲ್ ಎಲ್ಲ ಕಂಪ್ಯೂಟರ್‌ಗೆ ಹಾಕಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿದೆ, ಅಂದರೆ ಎಲ್ಲ ಅಳಿಸಿ ಹೊಸದರ ಸ್ಥಿತಿಗೆ ತಂದೆ. ಕೊನೆಯ ಅಪ್‌ಡೇಟ್ ಬಂದ ಮೇಲೆಯೇ ಮಾಡಿ, ಮೊದಲೇ ಮಾಡಿದರೆ ಎರಡು ಸಲದ ಕೆಲಸ. ಆಮೇಲೆ 8 ಜಿಬಿಗಿಂತ ಕಡಿಮೆ ಖಾಲಿ ಉಳಿಯಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಈಗಲೂ ಮುರಿದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಳಿಸಿದ ಫೈಲ್‌ನ ಜಾಗ ಈಗ ಖಾಲಿ ಅಂತ ಮೆಮೊರಿ ಚಿಪ್‌ಗೆ ತಿಳಿಸುವ ಕೆಲಸಕ್ಕೆ ಟ್ರಿಮ್ ಅನ್ನುತ್ತಾರೆ. 2012ರ ನೆಕ್ಸಸ್ 7 ಟ್ಯಾಬ್ ಬಳಸುತ್ತಾ ಬಳಸುತ್ತಾ ನಿಧಾನ ಆಗುತ್ತದೆ ಅನ್ನುವ ದೂರು ಆಗ ಜೋರಾಗಿತ್ತು. 2013ರಲ್ಲಿ ಆಂಡ್ರಾಯ್ಡ್ 4.3 ಜೊತೆ ಟ್ರಿಮ್ ಬಂದ ಮೇಲೆ ಅದು ಎಷ್ಟೋ ಚೇತರಿಸಿಕೊಂಡಿತು. ಅವತ್ತಿನಿಂದ ಈ ಕೆಲಸ ತಾನಾಗಿಯೇ ನಡೆಯುತ್ತದೆ, ಆದರೆ ಟ್ಯಾಬ್ ಸುಮ್ನೆ ಬಿದ್ದಿರುವಾಗ, ಚಾರ್ಜ್‌ಗೆ ಹಾಕಿರುವಾಗ. ಆ್ಯಪ್‌ಗಳನ್ನು ಬೇಗ ತೆರೆಯುವಂತೆ ಒಳಗೇ ಹದ ಮಾಡುವ ಕೆಲಸವೂ ಆಂಡ್ರಾಯ್ಡ್ 7ರಿಂದ ಈಚೆಗೆ ಅದೇ ಹೊತ್ತಿನಲ್ಲಿ ಆಗುತ್ತದೆ. ನಾವು ರಾತ್ರಿ ಸ್ವಿಚ್ ಆಫ್ ಮಾಡಿ ಇಡುತ್ತಿದ್ದೆವು. ಕರೆಂಟ್ ಉಳಿಸುತ್ತೇವೆ ಅಂದುಕೊಂಡು ಅದಕ್ಕೆ ಮನೆಗೆಲಸ ಮಾಡಿಕೊಳ್ಳಲು ಪುರಸೊತ್ತೇ ಕೊಟ್ಟಿರಲಿಲ್ಲ. ಈಗ ವಾರಕ್ಕೆ ಎರಡು ರಾತ್ರಿ ಆನ್ ಇಟ್ಟೇ ಚಾರ್ಜ್‌ಗೆ ಹಾಕುತ್ತೇನೆ. ರೀಸೆಟ್ ಮಾಡಿದ ಮೊದಲ ಎರಡು ದಿನ ಟ್ಯಾಬ್ ಇನ್ನೂ ನಿಧಾನ ಅನಿಸಬಹುದು. ಅಷ್ಟಕ್ಕೇ ತೀರ್ಮಾನ ಮಾಡಬೇಡಿ.

ಆಮೇಲೆ ಬೇಡದ ಆ್ಯಪ್‌ಗಳು. ಕಂಪನಿಯವರೇ ಹಾಕಿ ಕಳಿಸಿದ್ದು ಇಪ್ಪತ್ತರ ಮೇಲಿದ್ದವು. ಸೆಟ್ಟಿಂಗ್ಸ್‌ನಲ್ಲಿ ಡಿಸೇಬಲ್ ಆಗುವವನ್ನು ಅಲ್ಲೇ ಮಾಡಿದೆ. ಆಗದಿದ್ದವಕ್ಕೆ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದೆ. ಯುಎಸ್‌ಬಿ ಡಿಬಗ್ಗಿಂಗ್ (ಕಂಪ್ಯೂಟರ್‌ನಿಂದ ಟ್ಯಾಬ್‌ಗೆ ಆದೇಶ ಕೊಡಲು ಬಿಡುವ ಆಯ್ಕೆ) ಆನ್ ಮಾಡಿ, ಕಂಪ್ಯೂಟರ್‌ನಿಂದ ಎಡಿಬಿ ಅನ್ನುವ ಗೂಗಲ್‌ನ ಸಾಧನದ ಮೂಲಕ ಒಂದೊಂದನ್ನೇ ತೆಗೆದೆ. ಹೀಗೆ ತೆಗೆದದ್ದು ನಿಮ್ಮ ಬಳಕೆಯಿಂದ ಮಾತ್ರ ಹೋಗುತ್ತದೆ, ಸಿಸ್ಟಮ್‌ನಲ್ಲಿ ಉಳಿದಿರುತ್ತದೆ. ಹಾಗಾಗಿ ಜಾಗ ಬಹಳ ಉಳಿಯುವುದಿಲ್ಲ, ಹಿಂದೆ ಓಡುವುದು ಮಾತ್ರ ನಿಲ್ಲುತ್ತದೆ. ರೀಸೆಟ್ ಮಾಡಿದರೆ ಎಲ್ಲ ವಾಪಸ್ ಬರುತ್ತವೆ. ಏನು ಮಾಡುತ್ತದೆ ಅಂತ ಗೊತ್ತಿಲ್ಲದ ಆ್ಯಪ್ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡಿ.

ಅದೇ ಡೆವಲಪರ್ ಆಯ್ಕೆಯಲ್ಲಿ ಅನಿಮೇಷನ್ ಸ್ಕೇಲ್ (ಪರದೆ ಜಾರಿ ಬದಲಾಗಲು ಹಿಡಿಯುವ ಸಮಯ) ಅಂತ ಮೂರು ಇರುತ್ತವೆ. ಮೂರನ್ನೂ 0.5 ಮಾಡಿದೆ. ಇದರಿಂದ ಟ್ಯಾಬ್‌ನ ಶಕ್ತಿ ಏನೂ ಹೆಚ್ಚುವುದಿಲ್ಲ, ಆದರೆ ಒತ್ತಿದ್ದಕ್ಕೂ ಪರದೆ ಬದಲಾಗುವುದಕ್ಕೂ ನಡುವೆ ಕಾಯುವುದು ಕಡಿಮೆ. ಅಪ್ಪನಿಗೆ ಬೇಕಾಗಿದ್ದು ಅದೇ. ಅವರ ಬೆರಳು ಸ್ವಲ್ಪ ನಡುಗುತ್ತದೆ, ಒತ್ತಿದ್ದನ್ನು ಬೇಗ ಎತ್ತುವುದಿಲ್ಲ. ಟ್ಯಾಬ್ ಅದನ್ನು ಒತ್ತಿ ಹಿಡಿದಿದ್ದಾರೆ ಅಂತ ತಿಳಿದು ಬೇರೆ ಮೆನು ತೆರೆಯುತ್ತಿತ್ತು. ಆ್ಯಕ್ಸೆಸಿಬಿಲಿಟಿಯಲ್ಲಿ ಒತ್ತಿ ಹಿಡಿಯುವ ಸಮಯವನ್ನು ಉದ್ದ ಮಾಡಿದೆ. ವಯಸ್ಸಾದವರ ಕೈಗೆ ಟ್ಯಾಬ್ ಕೊಡುವವರು ಮೊದಲ ದಿನವೇ ಇದನ್ನು ಮಾಡಿಕೊಡಿ.

ಪಿಡಿಎಫ್‌ಗೆ ಮೊದಲಿದ್ದ ಆ್ಯಪ್ ಪ್ರತಿ ಸಲ ಲಾಗಿನ್ ಕೇಳುತ್ತಿತ್ತು. ಈಗ ಮುಪಿಡಿಎಫ್. ಬಹಳ ಹಗುರ, ನೇರ ಪುಟವೇ ತೆರೆಯುತ್ತದೆ. ಬ್ರೌಸರ್ ಫೈರ್‌ಫಾಕ್ಸ್, ಅದರಲ್ಲಿ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್. ಇ-ಪೇಪರ್ ಪುಟದಲ್ಲಿ ಸುದ್ದಿಗಿಂತ ಜಾಹೀರಾತಿನ ಭಾರವೇ ಜಾಸ್ತಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಪುಸ್ತಕಗಳೆಲ್ಲ ಮೆಮೊರಿ ಕಾರ್ಡ್‌ನಲ್ಲಿವೆ. ಆ್ಯಪ್‌ಗಳನ್ನು ಕಾರ್ಡ್‌ಗೆ ಹಾಕಬೇಡಿ, ಹಾಕಲೇಬೇಕಾದರೆ ಕಾರ್ಡ್ ಮೇಲೆ ಎ1 ಗುರುತು ಇರಲಿ. ಬರೀ ಕ್ಲಾಸ್ 10 ಅಂದರೆ ದೊಡ್ಡ ಫೈಲ್ ಒಂದೇ ಸಮ ಬರೆಯುವ ವೇಗ ಅಷ್ಟೇ. ಆ್ಯಪ್‌ಗೆ ಬೇಕಾಗುವುದು ಚೂರುಚೂರು ಓದಿ ಬರೆಯುವ ವೇಗ. ಎ1 ಕಾರ್ಡ್ ಸೆಕೆಂಡಿಗೆ ಕನಿಷ್ಠ 1,500 ಸಲ ಓದಬೇಕು, 500 ಸಲ ಬರೆಯಬೇಕು ಅನ್ನುವುದು ನಿಯಮ.

ಇಷ್ಟೆಲ್ಲ ಆದ ಮೇಲೆ ಮತ್ತೆ ಸ್ಟಾಪ್‌ವಾಚ್ ಹಿಡಿದೆ. ಗಣಿತ ಪುಸ್ತಕ 5 ಸೆಕೆಂಡ್. ಇ-ಪೇಪರ್ 12. ಆನ್ ಆಗಲು 50 ಸೆಕೆಂಡ್.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಸ್ಲ್ಯಾಬ್ ಕೆಳಗೆ ಕೂತು ಮಗಳು ಪಾಠದ ವಿಡಿಯೊ ನೋಡಿದರೆ ಅರ್ಧ ಗಂಟೆಯಲ್ಲಿ ಚಿತ್ರ ತಡವರಿಸುತ್ತದೆ. ಇದು ಕೆಟ್ಟಿದ್ದಲ್ಲ. ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ದಪ್ಪ ರಬ್ಬರ್ ಕವರ್ ತೆಗೆದು, ಹಿಂಬದಿ ಕೆಳಗಾಗಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡುತ್ತೇವೆ. ಹತ್ತು ನಿಮಿಷದಲ್ಲಿ ಕಲ್ಲು ಬಿಸಿ ಎಳೆದುಕೊಳ್ಳುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ಫ್ರಿಜ್‌ನಲ್ಲಿ ಇಡುವುದು, ಒದ್ದೆ ಬಟ್ಟೆ ಸುತ್ತುವುದು ಬೇಡ, ಒಳಗೆ ನೀರಿನ ಪಸೆ ಸೇರುತ್ತದೆ. ಮಧ್ಯಾಹ್ನ ಚಾರ್ಜ್‌ಗೆ ಹಾಕುವುದನ್ನು ಪೂರ್ತಿ ಬಿಟ್ಟಿದ್ದೇವೆ. ಬಿಸಿಯಲ್ಲಿ ಬ್ಯಾಟರಿ ಬೇಗ ಸೊರಗುತ್ತದೆ.

ಬಂದ್ ಆದ ಮಾಡೆಲ್‌ನ ನಿಜವಾದ ಕಷ್ಟ ವೇಗದ್ದಲ್ಲ, ಬಿಡಿ ಭಾಗದ್ದು. ಮೂರನೇ ವರ್ಷ ಚಾರ್ಜಿಂಗ್ ಜಾಕ್ ಸಡಿಲ ಆಯಿತು. ಊರಿನ ಮೂರು ರಿಪೇರಿ ಅಂಗಡಿ ತಿರುಗಿದೆ, ಎಲ್ಲೂ ಇರಲಿಲ್ಲ. ನಾಲ್ಕನೆಯವರು ಹೈದರಾಬಾದ್‌ನಿಂದ ತರಿಸಿದರು. ಒಂಬತ್ತು ದಿನ, 900 ರೂಪಾಯಿ. ಟೆಂಪರ್ಡ್ ಗ್ಲಾಸು, ಕವರು ಕೂಡ ಮಾಡೆಲ್ ನಿಂತ ವರ್ಷದೊಳಗೇ ಮಾರುಕಟ್ಟೆಯಿಂದ ಮಾಯ ಆಗುತ್ತವೆ. ಕೊಳ್ಳುವ ದಿನವೇ ಎರಡೆರಡು ತಗೊಳ್ಳಿ. ಪೆಟ್ಟಿಗೆ ಮೇಲಿನ ತಯಾರಿ ತಿಂಗಳು ಓದಿ. ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಅಂಗಡಿಯಲ್ಲೇ ಚಾರ್ಜ್‌ಗೆ ಹಾಕಿಸಿ, ಬ್ಯಾಟರಿ ಏರುತ್ತದಾ ಅಂತ ನೋಡಿಯೇ ದುಡ್ಡು ಕೊಡಿ.

ಸೆಕ್ಯೂರಿಟಿ ಅಪ್‌ಡೇಟ್ ನಿಂತು ಬಹಳ ದಿನ ಆಯಿತು. ಅದಕ್ಕೇ ಇದರಲ್ಲಿ ಬ್ಯಾಂಕಿನ ಆ್ಯಪ್ ಇಲ್ಲ, ಯುಪಿಐ ಇಲ್ಲ, ನನ್ನ ಮುಖ್ಯ ಮೇಲ್ ಇಲ್ಲ. ಟ್ಯಾಬ್‌ಗೆ ಅಂತಲೇ ಬೇರೆ ಗೂಗಲ್ ಖಾತೆ ಮಾಡಿದ್ದೇನೆ. ಇದರಲ್ಲಿ ರಾಜಿ ಬೇಡ.

ಗೇಮ್ ಆಡಬೇಕು, ವಿಡಿಯೊ ಎಡಿಟ್ ಮಾಡಬೇಕು ಅನ್ನುವವರಿಗೆ ಇಂಥ ಟ್ಯಾಬ್ ಬೇಡ. ಓದಲು, ಪಾಠ ಕೇಳಲು, ಆಕಾಶವಾಣಿ ಹಚ್ಚಲು ನಮಗೆ ಸಾಕಾಗಿದೆ. ಅವತ್ತು ಕಟ್ಟೆಗೆ ಎದ್ದು ಹೋಗಿದ್ದ ಅಪ್ಪ ಈಗ ಟ್ಯಾಬ್ ಹಿಡಿದುಕೊಂಡೇ ಕಟ್ಟೆಗೆ ಹೋಗುತ್ತಾರೆ. ಓಣಿಯ ಇನ್ನಿಬ್ಬರು ಹಿರಿಯರು ಪಕ್ಕ ಕೂರುತ್ತಾರೆ, ಅಪ್ಪ ಅಕ್ಷರ ದೊಡ್ಡದು ಮಾಡಿ ಓದಿ ಹೇಳುತ್ತಾರೆ. ಮೊದಲು ಒಂದು ಚಾರ್ಜ್‌ಗೆ ಎಂಟು ಗಂಟೆ ಬರುತ್ತಿದ್ದ ಬ್ಯಾಟರಿ ಈಗ ನಾಲ್ಕೂವರೆಗೆ ಬಂದಿದೆ. ಹೊಸ ಬ್ಯಾಟರಿಗೆ ಹೈದರಾಬಾದ್‌ಗೆ ಹೇಳಿಟ್ಟಿದ್ದೇನೆ.