ಪೆನ್‌ಡ್ರೈವ್ ಇಮೇಜ್ ತೆಗೆಯಲು ಯಾವುದು? ಡಿಡಿ, ಎಫ್‌ಟಿಕೆ ಇಮೇಜರ್, ಗೈಮೇಜರ್
ಸಾಕ್ಷ್ಯವಾಗಬಹುದಾದ ಪೆನ್‌ಡ್ರೈವ್‌ನಿಂದ ಫೈಲುಗಳನ್ನು ಸುಮ್ನೆ ಕಾಪಿ ಮಾಡಿಕೊಂಡರೆ ಸಾಲದು. ಅಳಿಸಿದ ಫೈಲುಗಳು, ಖಾಲಿ ಜಾಗದಲ್ಲಿ ಉಳಿದ ಚೂರುಗಳು ಹಾಗೆ ಬರುವುದಿಲ್ಲ. ಇಡೀ ಡ್ರೈವಿನ ಇಮೇಜ್, ಅಂದರೆ ಖಾಲಿ ಜಾಗವೂ ಸೇರಿ ಇದ್ದದ್ದು ಇದ್ದಂತೆ ಪೂರ್ತಿ ನಕಲು ತೆಗೆಯಬೇಕು. ಅದಕ್ಕೆ ಸಿಗುವ ಮೂರು ಉಚಿತ ಸಾಧನಗಳನ್ನು ನನ್ನ ಹಳೆಯ 16 ಜಿಬಿ ಪೆನ್‌ಡ್ರೈವ್ ಮೇಲೆ ಓಡಿಸಿ ನೋಡಿದೆ.

ಡಿಡಿ ಎಂಬ ಕಮಾಂಡ್ ಲಿನಕ್ಸ್‌ನಲ್ಲಿ ಇದ್ದೇ ಇರುತ್ತದೆ. ಡ್ರೈವ್ ಎಷ್ಟು ದೊಡ್ಡದೋ ಇಮೇಜೂ ಅಷ್ಟೇ ದೊಡ್ಡದು. ಹ್ಯಾಶ್ (ಡೇಟಾದ ಬೆರಳಚ್ಚಿನಂಥ ಸಂಖ್ಯೆ, ಒಳಗೆ ಚೂರು ಬದಲಾದರೂ ಇದು ಬೇರೆಯಾಗುತ್ತದೆ) ನಾವೇ ತೆಗೆಯಬೇಕು. ಇನ್‌ಪುಟ್, ಔಟ್‌ಪುಟ್ ಅದಲುಬದಲಾದರೆ ಸಾಕ್ಷ್ಯದ ಮೇಲೇ ಬರೆದುಬಿಡುತ್ತದೆ, ಒಂದು ಮಾತೂ ಕೇಳುವುದಿಲ್ಲ. ಕಲಿಯಲು ಒಳ್ಳೆಯದು, ಅಷ್ಟೇ.

ಎಫ್‌ಟಿಕೆ ಇಮೇಜರ್ ಬಳಸಲು ಎಲ್ಲಕ್ಕಿಂತ ಸುಲಭ. ಕೇಸ್ ನಂಬರ್, ಪರೀಕ್ಷಕರ ಹೆಸರು ಕೇಳುತ್ತದೆ, ಇ01 ಎಂಬ ಬಗೆಯ ಇಮೇಜ್ ಫೈಲಾಗಿ ಕುಗ್ಗಿಸಿ ಕೊಡುತ್ತದೆ, ಕೊನೆಗೆ ಹ್ಯಾಶ್ ತಾಳೆ ನೋಡುತ್ತದೆ. ತಕರಾರು ಇರುವುದು ವಿಂಡೋಸ್ ಜೊತೆ. ಡ್ರೈವ್ ಚುಚ್ಚಿದ್ದೇ ತಡ, ಅದರೊಳಗೆ ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಫೋಲ್ಡರ್ ಬಂದು ಕೂತಿತ್ತು. ಮೊದಲಿನ ಹ್ಯಾಶಿಗೂ ಆಮೇಲಿನದಕ್ಕೂ ತಾಳೆಯೇ ಇಲ್ಲ. ಹಾಗಾಗಿ ನಡುವೆ ರೈಟ್ ಬ್ಲಾಕರ್ (ಡ್ರೈವಿನ ಮೇಲೆ ಏನೂ ಬರೆಯದಂತೆ ತಡೆಯುವ ಸಾಧನ) ಬೇಕೇ ಬೇಕು. ಅದರ ಬೆಲೆ ಕೇಳಿದರೆ ಹೊಸಬರು ಹಿಂದೆ ಸರಿಯುತ್ತಾರೆ.

ನನಗೆ ಹಿಡಿಸಿದ್ದು ಗೈಮೇಜರ್. ಡಿಜಿಟಲ್ ತನಿಖೆಗೆಂದೇ ಮಾಡಿದ ಕೇನ್ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿದರೆ ಇದು ಸಿದ್ಧವಾಗಿರುತ್ತದೆ. ಜೊತೆಗೆ ಕೇನ್ ಡ್ರೈವುಗಳನ್ನು ಮೊದಲೇ ರೀಡ್-ಓನ್ಲಿ ಮಾಡಿಟ್ಟಿರುತ್ತದೆ. ಕೋರ್ಟಿಗೆ ಹೋಗುವ ಕೆಲಸವಾದರೆ ಆಗಲೂ ರೈಟ್ ಬ್ಲಾಕರ್ ಬಿಡಬೇಡಿ. ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256 ಮೂರೂ ಹ್ಯಾಶ್ ಇದರಲ್ಲಿ ಸಿಗುತ್ತವೆ. ನಾನು ಬಳಸಿದ ಎಫ್‌ಟಿಕೆ ಆವೃತ್ತಿ ಮೊದಲೆರಡನ್ನು ಮಾತ್ರ ಕೊಟ್ಟಿತು. ಇದು ಸಣ್ಣ ವಿಷಯವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಎಷ್ಟು, ಯಾವ ವಿಧಾನದ್ದು ಅಂತ ಬರೆಯಬೇಕು. ಎಂಡಿ5, ಎಸ್‌ಎಚ್‌ಎ-1 ಕೂಡ ಆ ನಮೂನೆಯಲ್ಲಿವೆ, ನಿಜ. ಆದರೆ ಎರಡು ಬೇರೆ ಫೈಲುಗಳಿಗೆ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರಿಸಬಹುದು ಅಂತ 2017ರಲ್ಲೇ ಮಾಡಿ ತೋರಿಸಿದ್ದಾರೆ. ಎಂಡಿ5 ಅದಕ್ಕೂ ಮೊದಲೇ ಬಿದ್ದಿತ್ತು. ಎದುರು ವಕೀಲರಿಗೆ ಆ ಪ್ರಶ್ನೆ ನಾವೇ ಯಾಕೆ ಕೊಡಬೇಕು, ಅಲ್ವಾ?

ಒಂದು ಗೊಂದಲ ಜಾಸ್ತಿ ಜನರಿಗೆ ಆಗುತ್ತದೆ. ಇ01 ಫೈಲಿನ ಮೇಲೆ ನೇರವಾಗಿ ಹ್ಯಾಶ್ ತೆಗೆದರೆ ಅದು ಡಿಡಿ ಇಮೇಜಿನ ಹ್ಯಾಶಿಗೆ ಹೊಂದುವುದಿಲ್ಲ, ಯಾಕೆಂದರೆ ಫೈಲಿನೊಳಗೆ ಕೇಸಿನ ವಿವರವೂ ಇದೆ. ಡ್ರೈವಿನ ನಿಜವಾದ ಹ್ಯಾಶ್ ಗೈಮೇಜರ್ ಬರೆದಿಡುವ ಇನ್ಫೋ ಫೈಲಿನಲ್ಲಿರುತ್ತದೆ.

ಕಂಪ್ಯೂಟರ್ ಆನ್ ಆಗಿರುವಾಗಲೇ ಕೈಗೆ ಸಿಕ್ಕರೆ ಮಾತ್ರ ನಾನು ಎಫ್‌ಟಿಕೆ ಇಮೇಜರ್ ಕಡೆಗೇ ಹೋಗುತ್ತೇನೆ. ಕೇನ್ ಬೂಟ್ ಮಾಡಲು ಹೋದರೆ ರ‍್ಯಾಮ್‌ನಲ್ಲಿ ಇದ್ದದ್ದು ಹೋಗುತ್ತದೆ. ಎಫ್‌ಟಿಕೆ ಅದನ್ನು ನಿಂತಲ್ಲೇ ಹಿಡಿದುಕೊಡುತ್ತದೆ.